ಕಿವಿಸಂದಿಯ ಕೇದಿಗೆ

ದೇವದುರ್ಗ
26 ಜುಲೈ 1944

ತಂಗಿ ಕನಕಮ್ಮಳಿಗೆ ಮೂಕಮ್ಮನ ಆಶೀರ್ವಾದ.

ನೀನು ಹೆರಿಗೆ ಮಾಡಿಸುವ ದಾಯಿಯ ಪರೀಕ್ಷೆ ಮುಗಿಸಿ ರಾಯಚೂರಿನ ಆಸ್ಪತ್ರೆಯಲ್ಲೇ ಕೆಲಸಕ್ಕೆ ನಿಂತ ಸುದ್ದಿ ತಲುಪಿತು. ನಿನ್ನ ಕಾಗದವನ್ನು ಅತ್ತರು ಇಳಿಸುವ ನಮ್ಮ ಬಡೇಬೀಗೂ ಓದಿ ಹೇಳಿದೆ. ನೀರಮಾನ್ವಿಯ ನಮ್ಮ ಕೇರಿಯಲ್ಲಿ ಗದ್ದೆಪ್ಪ ಮಾಸ್ತರರು ಕಂದೀಲಿನ ಮುಂದೆ ಕೂಡಿಸಿಕೊಂಡು ನಮ್ಮಿಬ್ಬರಿಂದ ಅಕ್ಷರ ತಿದ್ದಿಸುವಾಗ, 'ಇವು ಓದಿ ಯಾವ ಕಚೇರಿಗಿ ಹೋಗ್ತಾವ' ಎಂದು ನಕ್ಕವರೆಲ್ಲ ನೆನಪಾದರು. ಕಾಗದವನ್ನು ಪುಸ್ತಕದ ಮಾತಿನಲ್ಲೇ ಬರೆಯಬೇಕು ಎಂದು ಮಾಸ್ತರರು ಹಾಕಿದ ಕಟ್ಟಳೆಯನ್ನು ನಾನಿನ್ನೂ ಮುರಿದಿಲ್ಲ, ನೋಡು.

ಹಳ್ಳದ ದಂಡೆಯ ಕೇದಿಗೆ ಈ ವರ್ಷ ಬೇಗ ಬಿಟ್ಟಿದೆ. ಹೊತ್ತು ಮೂಡುವ ಮುಂಚೆ ಕೊಯ್ಯಬೇಕು. ಬಿಸಿಲು ತಾಗಿದರೆ ಅರ್ಧ ಪರಿಮಳ ಅಲ್ಲೇ ಹಾರಿಹೋಗುತ್ತದೆ. ಕೊಯ್ದು ತರುವುದು ನನ್ನ ಕೆಲಸ, ಭಟ್ಟಿ ಇಳಿಸುವುದು ಬಡೇಬೀಯ ಕೆಲಸ. ತಾಮ್ರದ ಹಂಡೆಗೆ ಹೂವೂ ನೀರೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಅಡಿಯಲ್ಲಿ ಸಣ್ಣ ಉರಿ ಹಾಕುತ್ತಾಳೆ. ಹಬೆ ಬಿದಿರಿನ ನಳಿಗೆಯಲ್ಲಿ ಇಳಿದು ಗಂಧದೆಣ್ಣೆಯ ಕೊಡ ಸೇರುತ್ತದೆ. ಉರಿ ಜೋರಾದರೆ ಅತ್ತರಿಗೆ ಸುಟ್ಟ ವಾಸನೆ ಬರುತ್ತದೆ. ಆಮೇಲೆ ಎಷ್ಟು ಅತ್ತರೂ ಅದು ಹೋಗುವುದಿಲ್ಲ.

ಬಸ್ಸಿನ ದುರುಗಪ್ಪನ ಕೈಯಲ್ಲಿ ಒಂದು ಸಣ್ಣ ಶೀಸೆ ಕಳಿಸಿದ್ದೇನೆ. ಮನೆಮನೆಗೆ ಬಸುರಿಯರನ್ನು ನೋಡಲು ಹೋಗಬೇಕು ಎಂದು ನೀನು ಬರೆದಿದ್ದೆ. ಹೋಗುವಾಗ ಒಂದು ಎಳೆ ಹತ್ತಿ ಅದ್ದಿ ಕಿವಿಸಂದಿಗೆ ಇಟ್ಟುಕೋ. ಬಡೇಬೀ ಹೇಳುತ್ತಾಳೆ: “ಮಲ್ಲಿಗಿ ಹಚ್ಚಿಕೊಂಡಾಕಿನ್ನ ಮಂದಿ ತಿರುಗಿ ನೋಡ್ತಾರ. ಕೇದಿಗಿ ಹಚ್ಚಿಕೊಂಡಾಕಿಗೆ ದಾರಿ ಬಿಡ್ತಾರ ಬೇಟಿ. ಅದು ಮುಳ್ಳಾಗ ಹುಟ್ಟಿದ ಹೂವು, ಲಾಡ ಮಾಡಂಗಿಲ್ಲ.”

ನಿನಗೂ ಲಾಡ ಮಾಡಿ, ಒಬ್ಬರನ್ನು ಓಲೈಸಿ ಗೊತ್ತಿಲ್ಲ. ಅದಕ್ಕೇ ಕಳಿಸಿದೆ.

ನಿನ್ನ ಅಕ್ಕ,
ಮೂಕಮ್ಮ

---

ರಾಯಚೂರು
14 ಆಗಸ್ಟ್ 1944

ಅಕ್ಕನಿಗೆ ಕನಕಮ್ಮನ ನಮಸ್ಕಾರ.

ಶೀಸೆ ಒಡೆಯದೆ ತಲುಪಿತು. ಹಚ್ಚಿಕೊಂಡು ವಾರ್ಡಿಗೆ ಕಾಲಿಟ್ಟೆನೋ ಇಲ್ಲವೋ, ನಮ್ಮ ಆಯಾ ಯಂಕಮ್ಮ ಕಸಬರಿಗೆ ಎತ್ತಿ ಹಿಡಿದು ನಿಂತಳು. “ಏನಬೇ, ನವಾಬರ ದೇವಡಿಯಿಂದ ಬೇಗಂ ಸಾಹೇಬರು ಬಂದಂಗ ಬಂದಿ! ನಾ ಸಲಾಮ ಹೊಡೀಲೋ, ಕಸ ಹೊಡೀಲೋ?” ಡಾಕ್ಟರಮ್ಮ ಕೂಡ ನಕ್ಕರು. ಕಾರ್ಬಾಲಿಕ್ ವಾಸನೆಯ ನಡುವೆ ಇದೊಂದು ಬೇರೆ ಗಾಳಿ ಬಂದಂತಾಯಿತು ಎಂದರು.

ಮೊನ್ನೆ ಕೋಟೆಯೊಳಗಿನ ಒಂದು ಮನೆಗೆ ಕಳಿಸಿದರು. ಕೋರ್ಟಿನಲ್ಲಿ ಗುಮಾಸ್ತರಾಗಿರುವ ಪ್ರಾಣೇಶರಾಯರ ಮನೆ. ಅವರ ಹೆಂಡತಿ ವೆಂಕೂಬಾಯಿಗೆ ಚೊಚ್ಚಲು, ಏಳು ತಿಂಗಳು. ಕಾಲು ಬಾತಿವೆ ಎಂದು ರಾಯರೇ ಆಸ್ಪತ್ರೆಗೆ ಬಂದು ಕೇಳಿಕೊಂಡಿದ್ದರು. ಬಲು ಮಡಿಯ ಮನೆ. ರಾಯರ ತಾಯಿ ಭಾಗೀರಥಿಬಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಆದರೆ ಮೂಗು ನೋಡು! ನಾನು ಹೊಸ್ತಿಲಲ್ಲಿ ನಿಲ್ಲುವಷ್ಟರಲ್ಲಿ, “ಕೇದಿಗಿ! ನಮ್ಮ ತೌರಮನ್ಯಾಗ ಸೀರಿ ಪೆಟ್ಟಿಗ್ಯಾಗ ಇದರ ಎಸಳು ಹಾಕತಿದ್ರವಾ. ಬಾ, ಒಳಗ ಬಾ, ಬಿಸಲಾಗ ಬಂದೀದಿ” ಎಂದು ಕರೆದರು. ನಡುಮನೆ ದಾಟಿ ಒಳಕೋಣೆಯವರೆಗೂ ಹೋದೆ. ಹಿತ್ತಾಳೆಯ ಲೋಟದಲ್ಲಿ ಹಾಲು ಕೊಟ್ಟರು.

ವೆಂಕೂಬಾಯಿಗೆ ಇನ್ನೂ ಹದಿನೆಂಟು. ಹೊಟ್ಟೆಯ ಮೇಲೆ ಕೈಯಿಟ್ಟಾಗ ಹೆದರಿ ನನ್ನ ಮಣಿಕಟ್ಟು ಹಿಡಿದುಕೊಂಡಳು, ನೋಡಿ ಮುಗಿಯುವವರೆಗೂ ಬಿಡಲಿಲ್ಲ. ಕೂಸಿನ ತಲೆ ಮೇಲಿದೆ. ಇನ್ನೂ ಹೊತ್ತಿದೆ, ತಿರುಗಬಹುದು. ಮುಂದಿನ ತಿಂಗಳು ಮತ್ತೆ ಹೋಗುತ್ತೇನೆ.

ಅತ್ತರು ಚೆನ್ನಾಗಿದೆ ಅಕ್ಕ. ಬಡೇಬೀಗೆ ಹೇಳು.

ಕನಕಮ್ಮ

---

ದೇವದುರ್ಗ
22 ಆಗಸ್ಟ್ 1944

ತಂಗಿ ಕನಕಮ್ಮಳಿಗೆ,

ನಿನ್ನ ಕಾಗದ ಓದಿ ನನಗೆ ಅಳು ನಗು ಒಟ್ಟಿಗೇ ಬಂದವು. ಕೋಟೆಯೊಳಗಿನ ಮಡಿಯ ಮನೆಯ ಒಳಕೋಣೆಯಲ್ಲಿ ನಮ್ಮ ಸೂಗಪ್ಪನ ಮಗಳು ಕೂತು ಹಾಲು ಕುಡಿದಳು! ಅಪ್ಪ ಇದ್ದಿದ್ದರೆ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಕಾಲ ಬದಲಾಗಿದೆ ಎಂದರೆ ಇದೇ. ವಿದ್ಯೆಗೆ ಬಾಗಿಲು ತೆರೆಯಿತು. ಬಡೇಬೀ ಮಾತ್ರ, “ವಿದ್ಯಾಕ್ಕಲ್ಲ, ನನ್ನ ಕೇದಿಗಿಗಿ ತೆರೀತು” ಎಂದು ಎಲೆ ಅಡಿಕೆ ಉಗುಳಿ ನಕ್ಕಳು. ಇಬ್ಬರದೂ ಅರ್ಧ ಅರ್ಧ ಎಂದು ರಾಜಿ ಮಾಡಿಕೊಂಡೆವು.

ಇನ್ನೊಂದು ಶೀಸೆ ಕಳಿಸಿದ್ದೇನೆ. ಇದು ಮೊದಲಿನದಕ್ಕಿಂತ ಗಟ್ಟಿ. ಅದನ್ನು ಹಚ್ಚಿಕೊಂಡೇ ಆ ಮನೆಗೆ ಹೋಗು.

ಒಂದು ಮಾತು. ಅತ್ತರು ಎಲ್ಲಿಂದ ಬಂತು, ಯಾರು ಇಳಿಸಿದರು ಎಂದು ಯಾರಾದರೂ ಕೇಳಿದರೆ ಬಡೇಬೀ ಹೆಸರು ಹೇಳು, ಸಾಕು. ನನ್ನ ಹೆಸರು ಬೇಡ. ಕಾರಣ ಏನೂ ಇಲ್ಲ, ಸುಮ್ಮನೆ.

ಮುಳ್ಳು ತಾಗಿ ಕೈ ಸ್ವಲ್ಪ ಬಾತಿದೆ, ಅದಕ್ಕೇ ಅಕ್ಷರ ಸೊಟ್ಟ. ಮಾಸ್ತರರಿಗೆ ತೋರಿಸಬೇಡ.

ಮೂಕಮ್ಮ

---

ರಾಯಚೂರು
6 ಸೆಪ್ಟೆಂಬರ್ 1944

ಅಕ್ಕನಿಗೆ,

ನೀನು ಕಳಿಸಿದ ಎರಡನೆಯ ಶೀಸೆಯನ್ನು ದುರುಗಪ್ಪನ ಕೈಯಲ್ಲೇ ವಾಪಸು ಕಳಿಸುತ್ತಿದ್ದೇನೆ. ಮುಚ್ಚಳ ತೆಗೆದಿಲ್ಲ.

ಹೋದ ಸಲ ನಿನಗೆ ಅರ್ಧವೇ ಬರೆದೆ. ನಾನು ಹಾಲು ಕುಡಿದದ್ದು ಸೂಗಪ್ಪನ ಮಗಳಾಗಿ ಅಲ್ಲ. “ಯಾವ ಊರ ಪೈಕಿ ನೀನು?” ಎಂದು ಭಾಗೀರಥಿಬಾಯಿ ಕೇಳಿದ್ದರು. ಮಾನ್ವಿ ಕಡೆಯವಳು ಎಂದೆ. “ಮಾನ್ವಿಯೊಳಗ ನಮ್ಮ ಮಂದಿ ಭಾಳ ಅದಾರ. ಅದಕ್ಕ ಈ ಸಂಸ್ಕಾರ” ಎಂದು ಅವರೇ ಮುಗಿಸಿಬಿಟ್ಟರು. ಅವರು ಕಣ್ಣಿನಿಂದ ನೋಡಲಾರರು. ಮೂಗಿನಿಂದ ನೋಡಿ ನನ್ನನ್ನು ತಮ್ಮ ತೌರಿನ ಯಾರನ್ನೋ ಮಾಡಿಕೊಂಡರು. ಒಳಗೆ ಬಸುರಿ ಕಾಯುತ್ತಿದ್ದಳು. ನಾನು ಸುಮ್ಮನೆ ಒಳಗೆ ಹೋದೆ.

ನಿನ್ನೆ ಮತ್ತೆ ಹೋಗಿದ್ದೆ. ವೆಂಕೂಬಾಯಿಯನ್ನು ನೋಡಿ ಹೊರಗೆ ಬಂದಾಗ ಭಾಗೀರಥಿಬಾಯಿ ಗೋತ್ರ ಯಾವುದು ಎಂದು ಕೇಳಿದರು. ಆಗ ಹೇಳಿದೆ. ನೀರಮಾನ್ವಿಯ ಸೂಗಪ್ಪನ ಮಗಳು, ಊರ ಹೊರಗಿನ ಕೇರಿಯವಳು ಎಂದೆ. ಅವರು ಕಿರುಚಲಿಲ್ಲ, ಬೈಯಲಿಲ್ಲ. ನನ್ನ ಮುಂದಿದ್ದ ಲೋಟವನ್ನು ಕಡ್ಡಿಯಿಂದ ತಳ್ಳಿಸಿ ಅಂಗಳಕ್ಕೆ ಹಾಕಿಸಿದರು. ಆಮೇಲೆ ಮೆತ್ತಗೆ ಹೇಳಿದರು: “ನೋಡವಾ, ನಿನ್ನ ಕೆಲಸ ನಮಗ ಬೇಡಂತಲ್ಲ. ಕೂಸು ಹುಟ್ಟಿದ ಮ್ಯಾಲ ಮನಿ ಹೆಂಗಿದ್ರೂ ಮೈಲಿಗಿ. ಆಗ ಯಾರ ಮುಟ್ಟಿದ್ರೇನು. ಅಲ್ಲೀತನಾ ಮಡಿ ಅದ. ಕೂಸಿನ ತಲಿ ಕಂಡ ಮ್ಯಾಲ ಹೇಳಿ ಕಳಸ್ತೀವಿ. ಹಿತ್ತಲ ಬಾಗಲದಿಂದ ಬಾ.”

ಅಕ್ಕ, ಈ ಕಟ್ಟಳೆ ನಮಗೆ ಹೊಸದಲ್ಲ. ನಮ್ಮ ಅಜ್ಜಿಯೂ ಹಿತ್ತಲ ಬಾಗಿಲಿನಿಂದಲೇ ಹೋಗಿ ಹೊಕ್ಕುಳ ಕೊಯ್ದು ಬರುತ್ತಿದ್ದಳು. ಆದರೆ ವೆಂಕೂಬಾಯಿಯ ಕೂಸು ತಿರುಗಿಲ್ಲ. ಕಾಲು ಕೆಳಗೆ ಮಾಡಿ ಕೂತಿದೆ. ಕಾಲು ಮೊದಲು ಬರುವ ಕೂಸಿಗೆ ತಲೆ ಕಾಣುವುದು ಎಲ್ಲಕ್ಕೂ ಕೊನೆಗೆ. ಆಗ ಕರೆದರೆ ನಾನು ಹೋಗುವುದು ಹೆರಿಗೆಗಲ್ಲ, ಹೆಣಕ್ಕೆ. ಅದನ್ನೂ ಹೇಳಿದೆ. “ದೇವರು ತಿರುಗಸ್ತಾನ” ಎಂದರು. ಆಸ್ಪತ್ರೆಗೆ ಕರೆತರುತ್ತೇನೆಂದರೆ ಅಲ್ಲಿಯ ನೀರು ಮಡಿಗೆ ಆಗದು ಎಂದರು. ರಾಯರು ತಾಯಿಯ ಮುಂದೆ ಬಾಯಿ ತೆರೆಯುವುದಿಲ್ಲ.

ಬಡೇಬೀ ಹೇಳಿದ್ದು ನಿಜ. ದಾರಿ ಬಿಟ್ಟರು. ಆದರೆ ಬಿಟ್ಟದ್ದು ವಾಸನೆಗೆ, ನನಗಲ್ಲ. ಈ ಅತ್ತರು ಇನ್ನೊಬ್ಬರ ಸೀರೆ ಉಟ್ಟ ಹಾಗೆ. ಇದು ನನ್ನದಲ್ಲ, ಭಾಗೀರಥಿಬಾಯಿಯ ತೌರಿನದು. ನನಗೆ ಬೇಡ.

ಕನಕಮ್ಮ

---

ರಾಯಚೂರು
20 ಸೆಪ್ಟೆಂಬರ್ 1944

ಅಕ್ಕನಿಗೆ,

ದುರುಗಪ್ಪ ಬಂದಾಗಲೆಲ್ಲ ಬಸ್ ಸ್ಟ್ಯಾಂಡಿಗೆ ಹೋಗಿ ಕೇಳುತ್ತಿದ್ದೇನೆ. “ಏನೂ ಕೊಟ್ಟಿಲ್ಲವಾ, ಮಾತೂ ಹೇಳಿಲ್ಲ” ಎನ್ನುತ್ತಾನೆ. ಸಿಟ್ಟಾದೆಯಾ? ಬೈಯುವುದಿದ್ದರೆ ಬರೆದು ಬೈಯಿ. ನೀನು ಸುಮ್ಮನಿದ್ದರೆ ನನಗೆ ಏನು ಮಾಡಲೂ ತೋಚುವುದಿಲ್ಲ.

ಇಲ್ಲಿ ವೆಂಕೂಬಾಯಿಯ ಬಗ್ಗೆ ಡಾಕ್ಟರಮ್ಮನೊಂದಿಗೆ ಮಾತಾಡಿದೆ. ನೋವು ಶುರುವಾದಾಗಿನಿಂದ ಪಕ್ಕದಲ್ಲಿ ಒಬ್ಬರು ಇದ್ದರೆ ಕೂಸು ಉಳಿಯುತ್ತದೆ, ನೀನು ಮಾಡಬಲ್ಲೆ ಎಂದರು. ಮಾಡಬಲ್ಲೆ ಎಂದು ನನಗೂ ಗೊತ್ತು. ಹೋಗುವುದು ಹೇಗೆ ಎಂಬುದೊಂದೇ ಗೊತ್ತಿಲ್ಲ.

ಕನಕಮ್ಮ

---

ದೇವದುರ್ಗ
30 ಸೆಪ್ಟೆಂಬರ್ 1944

ಕನಕಮ್ಮಾ,

ಸಿಟ್ಟಾಗಿದ್ದೆ, ಹೌದು. ಆದರೆ ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಮುಳ್ಳು ಚುಚ್ಚಿದ ಅಂಗೈ ಕೀವಾಗಿ ಮೊಣಕೈವರೆಗೂ ಬಾತಿತ್ತು. ಬಡೇಬೀ ತನ್ನ ಕೈಯಾರೆ ಬೇವಿನ ನೀರಲ್ಲಿ ತೊಳೆದು, ಕೀವು ತೆಗೆದು, ಅನ್ನ ಕಲಸಿ ಉಣಿಸಿದಳು. ನಿನಗೆ ತಿಳಿದರೆ ಕೆಲಸ ಬಿಟ್ಟು ಓಡಿ ಬರುತ್ತೀ ಎಂದು ದುರುಗಪ್ಪನ ಬಾಯಿಗೆ ಬೀಗ ಹಾಕಿದ್ದೆ. ಈಗ ಬೆರಳು ಮಡಚುತ್ತವೆ.

ನಾನೂ ನಿನಗೆ ಅರ್ಧವೇ ಬರೆದಿದ್ದೆ. ಬಡೇಬೀಯ ಕೈ ನಡುಗಲು ಶುರುವಾಗಿ ಎರಡು ವರ್ಷವಾಯಿತು. ಆಗಿನಿಂದ ಭಟ್ಟಿ ನನ್ನದು. ಹೂವು ಕೊಯ್ಯುವುದಷ್ಟೇ ಅಲ್ಲ, ನೀರಿನ ಅಳತೆ, ಉರಿ, ಕೊಡ ಬದಲಿಸುವ ಹೊತ್ತು, ಎಲ್ಲ ನಾನೇ. ಹಂಡೆ ಆಕೆಯದು, ವಿದ್ಯೆ ಆಕೆ ಕೊಟ್ಟದ್ದು. ಅತ್ತರು ನನ್ನದು. ರಾಯಚೂರಿನ ಅಂಗಡಿಯ ಸಾಹುಕಾರ ಅದನ್ನು 'ಬಡೇಬೀ ಕೇದಿಗೆ' ಎಂದು ಮಾರುತ್ತಾನೆ. ನಮ್ಮ ಕೇರಿಯ ಹೆಂಗಸು ಇಳಿಸಿದ್ದು ಎಂದು ಗೊತ್ತಾದರೆ ದೊಡ್ಡ ಮನೆಯವರು ಕೊಳ್ಳುವುದಿಲ್ಲ ಎಂದು ನನ್ನ ಹೆಸರನ್ನು ನಾನೇ ಮುಚ್ಚಿಟ್ಟೆ.

ಈಗ ನಿನ್ನ ಮಾತಿಗೆ ಬರುತ್ತೇನೆ. ಇನ್ನೊಬ್ಬರ ಸೀರೆ ಎಂದೆಯಲ್ಲ! ಭಾಗೀರಥಿಬಾಯಿಯ ತೌರಿನ ಪೆಟ್ಟಿಗೆಗೆ ಆ ಎಸಳು ಎಲ್ಲಿಂದ ಬಂದಿತ್ತು? ಆ ಮುಳ್ಳಿನ ಮೆಳೆಯೊಳಗೆ ಅವರ ಅಜ್ಜಿ ಇಳಿದಿದ್ದಳಾ? ನಮ್ಮಂಥವಳೊಬ್ಬಳು ಕೈ ಗೀರಿಸಿಕೊಂಡು ತಂದು ಹಿತ್ತಲ ಬಾಗಿಲಲ್ಲಿ ಇಟ್ಟು ಹೋಗಿರುತ್ತಾಳೆ. ಕೇದಿಗೆಯನ್ನು ಹಿಡಿಯಾಗಿ ಹಿಚುಕಿದರೆ ಮುಳ್ಳು ಕೊಡುತ್ತದೆ. ಬೇಯಿಸಿದರೆ ಪರಿಮಳ ಕೊಡುತ್ತದೆ. ಒಣಗಿ ಕಾಗದವಾದರೂ ವಾಸನೆ ಬಿಡುವುದಿಲ್ಲ. ಇದು ಯಾರ ಗುಣ? ಪೆಟ್ಟಿಗೆಯಲ್ಲಿ ಸೀರೆ ಮಡಚಿಟ್ಟವರದಾ, ನಮ್ಮದಾ? ನೀನೇ ಹೇಳು.

ಅದು ನಿನ್ನದಲ್ಲ ಎಂದು ವಾಪಸು ಕಳಿಸಿದಾಗ ನೋವಾದದ್ದು ಅದಕ್ಕೆ. ತಪ್ಪು ನಿನ್ನದಲ್ಲ. ನಾನು ಹೇಳಿದ್ದರೆ ತಾನೇ ನಿನಗೆ ತಿಳಿಯುವುದು.

ಅದೇ ಶೀಸೆಯನ್ನು ಮತ್ತೆ ಕಳಿಸಿದ್ದೇನೆ. ಹಚ್ಚಿಕೊಳ್ಳುವುದಾದರೆ ನಿನ್ನ ಹೆಸರು ಹೇಳಿ ಹಚ್ಚಿಕೋ. ನಾನೂ ಸಾಹುಕಾರನಿಗೆ ನನ್ನ ಹೆಸರು ಹೇಳುತ್ತೇನೆ. ಏನಾದರೂ ಆಗಲಿ.

ಮೂಕಮ್ಮ

---

ರಾಯಚೂರು
10 ಅಕ್ಟೋಬರ್ 1944

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಹೋದೆ. ಹತ್ತಿಯನ್ನು ಚೆನ್ನಾಗಿ ಅದ್ದಿ ಕಿವಿಸಂದಿಗೆ ಇಟ್ಟುಕೊಂಡು, ಮುಂಬಾಗಿಲ ಮುಂದೆ ನಿಂತೆ. ಹೊಸ್ತಿಲು ದಾಟಲಿಲ್ಲ. ಅಲ್ಲಿಂದಲೇ ಜೋರಾಗಿ ಹೇಳಿದೆ: “ಅಮ್ಮಾರ, ನಾ ಕನಕಮ್ಮ. ನೀರಮಾನ್ವಿ ಸೂಗಪ್ಪನ ಮಗಳು, ಆಸ್ಪತ್ರಿ ದಾಯಿ. ಈ ವಾಸನಿ ನಿಮ್ಮ ತೌರಿಂದಲ್ಲರೀ, ನಮ್ಮ ಅಕ್ಕಂದು. ಆಕೀನ ಭಟ್ಟಿ ಇಳಸಿದ್ದು. ನೋವು ಬಂದ ಕೂಡ್ಲೆ ನನ್ನ ಕರೀರಿ, ಈ ಬಾಗಲದಿಂದ ಬರ್ತೀನಿ. ತಲಿ ಕಾಣೋತನಾ ಕಾದ್ರ ಕೂಸು ಉಳಿಯಂಗಿಲ್ಲ.”

ಬೀದಿಯವರೆಲ್ಲ ಹೊರಗೆ ಬಂದರು. ಭಾಗೀರಥಿಬಾಯಿ ಒಳಗಿನಿಂದ, “ಬೀದ್ಯಾಗ ನಿಂತು ಮನಿ ಮಾನ ಕಳೀಬ್ಯಾಡ, ಹೋಗು” ಎಂದರು. ಬಾಗಿಲು ಮುಚ್ಚಿತು.

ಕರೆಯದೆ ಒಳಗೆ ನುಗ್ಗುವ ಹಕ್ಕು ನನಗಿಲ್ಲ. ಬೀದಿಯಲ್ಲಿ ನಡೆಯುವ ಹಕ್ಕಿದೆ. ಆಸ್ಪತ್ರೆಗೆ ಹೋಗುವಾಗ, ಬರುವಾಗ, ಈಗ ಸುತ್ತು ಹಾಕಿ ಆ ಮನೆಯ ಮುಂದಿನಿಂದಲೇ ಹೋಗುತ್ತೇನೆ. ಒಳಕೋಣೆಗೆ ಬೀದಿಯ ಕಡೆ ಒಂದು ಸಣ್ಣ ಕಿಟಕಿ ಇದೆ. ಅದರ ಕೆಳಗೆ ಒಂದು ಗಳಿಗೆ ನಿಂತು ಸೆರಗು ಸರಿಮಾಡಿಕೊಂಡು ಮುಂದೆ ಹೋಗುತ್ತೇನೆ. ನಾನು ಹತ್ತಿರವೇ ಇದ್ದೇನೆಂದು ವಾಸನೆ ಹೇಳುತ್ತದೆ. ನಿನ್ನೆ ಕಿಟಕಿಯ ಸರಳಿನ ನಡುವಿನಿಂದ ಬಳೆ ತೊಟ್ಟ ಕೈಯೊಂದು ಹೊರಗೆ ಬಂದು ಹಾಗೇ ಒಳಗೆ ಹೋಯಿತು.

“ಹುಚ್ಚಿ, ಅತ್ತರ ಹಚ್ಚಿಕೊಂಡು ಪಾರಾ ಹೊಡಿತಿಯಲ್ಲಬೇ” ಎಂದು ಯಂಕಮ್ಮ ಬೈಯುತ್ತಾಳೆ. ಹೊಡೆಯುತ್ತೇನೆ. ಹೆರಿಗೆಯಾಗುವವರೆಗೂ ಈ ಕಾವಲು ಬಿಡುವುದಿಲ್ಲ.

ಕೈಗೆ ಬೇವಿನ ನೀರು ಹಾಕುವುದನ್ನು ನಿಲ್ಲಿಸಬೇಡ. ಹುಣ್ಣು ಒಣಗುವವರೆಗೂ ಬಟ್ಟೆ ಕಟ್ಟಿಕೋ.

ಕನಕಮ್ಮ

---

ದೇವದುರ್ಗ
18 ಅಕ್ಟೋಬರ್ 1944

ಕನಕಮ್ಮಾ,

ಸಾಹುಕಾರ ತಾನೇ ಬಂದಿದ್ದ. ದೀಪಾವಳಿಗೆ ಇಳಿಸಿಟ್ಟ ಅತ್ತರು ಒಯ್ಯಲು ಬಂದವನಿಗೆ ಹೇಳಿದೆ. ಮೊದಲು ನಕ್ಕ. ಆಮೇಲೆ ಶೀಸೆಗಳನ್ನು ಒಂದೊಂದೇ ಚೀಲದಿಂದ ತೆಗೆದು ಕಟ್ಟೆಯ ಮೇಲಿಟ್ಟ. ಮೂಗಿಗೆ ಹಿತವಾಗಿದ್ದದ್ದು ಕಿವಿಗೆ ಬಿದ್ದ ಕೂಡಲೇ ಕೆಟ್ಟಿತು. ಬಡೇಬೀ ಬಿಡುತ್ತಾಳಾ? “ಮೂಗಿಗಿ ಜಾತಿ ಗೊತ್ತಾಗತದಂದ್ರ ಎರಡು ವರ್ಷ ನಿನ್ನ ಮೂಗು ಎಲ್ಲಿಗಿ ಹೋಗಿತ್ತು ಸಾಹುಕಾರ? ನೆಗಡಿ ಪಡಶ ಬಂದಿತ್ತೇನು?” ಎಂದಳು. ಅವನು ಖಾಲಿ ಚೀಲ ಹಿಡಿದು ಬಸ್ಸು ಹತ್ತಿದ.

ನನಗೆ ಆ ಸಂಜೆ ಹಗುರವೂ ಆಯಿತು, ಹೆದರಿಕೆಯೂ ಆಯಿತು. ಭಟ್ಟಿ ನಿಲ್ಲಿಸುವುದಿಲ್ಲ. ಮುಂದಿನ ಸಂತೆಗೆ ನಾನೇ ಶೀಸೆ ಹರಡಿಕೊಂಡು ಕೂಡುತ್ತೇನೆ. ಕೊಳ್ಳುವವರು ಕೊಳ್ಳಲಿ. ಬಡೇಬೀಯೂ ಪಕ್ಕದಲ್ಲಿ ಕೂಡುತ್ತಾಳಂತೆ, ಬೈಯುವುದಕ್ಕೆ ಒಬ್ಬರು ಬೇಕಲ್ಲ ಎಂದು.

ಆ ಹುಡುಗಿಯ ಸುದ್ದಿ ಬರೆ. ರಾತ್ರಿಯೆಲ್ಲ ಅದೇ ನೆನಪು.

ಮೂಕಮ್ಮ

---

ರಾಯಚೂರು
27 ಅಕ್ಟೋಬರ್ 1944

ಅಕ್ಕಾ,

ಮೊನ್ನೆ ಬೆಳಿಗ್ಗೆ ಆಸ್ಪತ್ರೆಗೆ ಹೊರಟಿದ್ದೆ. ಕಿಟಕಿಯ ಕೆಳಗೆ ಬಂದಾಗ ಒಳಗಿನಿಂದ ನರಳುವುದು ಕೇಳಿಸಿತು. ಹಲ್ಲು ಕಚ್ಚಿ ತಡೆದುಕೊಂಡ ದನಿ. ಮುಂಬಾಗಿಲು ತೆರೆದಿತ್ತು. ಭಾಗೀರಥಿಬಾಯಿ ಹೊಸ್ತಿಲ ಮೇಲೆ ಎರಡೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಹಿಂದೆ ರಾಯರು ಒಂದು ಚೊಂಬು ಹಿಡಿದು, ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ನಾನು ಬಾಯಿ ತೆರೆಯುವ ಮುಂಚೆಯೇ ಭಾಗೀರಥಿಬಾಯಿ, “ಇನ್ನಾ ತಲಿ ಕಂಡಿಲ್ಲ. ನಿನಗ ಯಾರು ಹೇಳಿ ಕಳಸಿದ್ರು?” ಎಂದರು.

ಉತ್ತರ ಒಳಗಿನಿಂದ ಬಂತು. “ಕೇದಿಗಿ ವಾಸನಿ ಬಂತು. ಕನಕಮ್ಮ ಬಂದಾಳ. ಆಕೀನ್ನ ಒಳಗ ಬಿಡ್ರಿ, ಅತ್ತಿ.”

“ನೀ ಸುಮ್ನ ಮಲಕೋ.”

“ಬಿಡದಿದ್ರ ನಾನ ಹೊರಗ ಹೊಂಟೆ.”

ಹೊರಟೇಬಿಟ್ಟಳು ಅಕ್ಕಾ. ಆ ನೋವಿನಲ್ಲಿ ಗೋಡೆ ಹಿಡಿದುಕೊಂಡು, ಸೀರೆ ಒದ್ದೆಯಾಗಿ, ಒಳಕೋಣೆಯಿಂದ ನಡುಮನೆಗೆ, ನಡುಮನೆಯಿಂದ ಬಾಗಿಲಿಗೆ ಬಂದಳು. ಅತ್ತೆಯ ಹೆಗಲ ಮೇಲಿನಿಂದ ಕೈ ಚಾಚಿ, ಆ ಮೊದಲ ದಿನದಂತೆ, ನನ್ನ ಮಣಿಕಟ್ಟು ಹಿಡಿದಳು. ಆ ಹೊತ್ತಿಗೆ ಮಡಿ ಎಲ್ಲಿ ಮುಗಿಯಿತು, ಮೈಲಿಗೆ ಎಲ್ಲಿ ಶುರುವಾಯಿತು ಎಂದು ಯಾರು ಗೆರೆ ಎಳೆಯಬೇಕು? ಭಾಗೀರಥಿಬಾಯಿ ಪೊರೆ ಬಂದ ಕಣ್ಣುಗಳಿಂದ ನನ್ನ ಮುಖವಿರುವ ಕಡೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚೌಕಟ್ಟಿನಿಂದ ಒಂದು ಕೈ ತೆಗೆದು ಪಕ್ಕಕ್ಕೆ ಸರಿದರು.

ಬಡೇಬೀಗೆ ಹೇಳು. ದಾರಿ ಬಿಟ್ಟರು.

ಹೊತ್ತು ನೆತ್ತಿಗೆ ಬರುವವರೆಗೂ ಹಿಡಿಯಿತು. ಮೊದಲು ಕಾಲು, ಆಮೇಲೆ ನಡು, ಭುಜ. ನಾನು ಎಳೆಯಲಿಲ್ಲ. ಸಣ್ಣ ಉರಿ ಎಂದು ನೀನು ಬರೆದಿದ್ದೆಯಲ್ಲ, ಅದೇ ನೆನಪಿಟ್ಟುಕೊಂಡು ಕಾದೆ. ತಲೆ ಕೊನೆಗೇ ಬಂತು. ಕೂಸು ನೀಲಿಯಾಗಿತ್ತು. ಬಾಯಿ ಒರೆಸಿ, ಬೆನ್ನು ತಿಕ್ಕಿ, ಊದಿದೆ. ಅತ್ತಿತು. ಹೆಣ್ಣು. ವೆಂಕೂಬಾಯಿ ಚೆನ್ನಾಗಿದ್ದಾಳೆ. ರಾಯರು ಆಗ ಚೊಂಬನ್ನು ಕೆಳಗಿಟ್ಟರು.

ಎಲ್ಲ ಮುಗಿದ ಮೇಲೆ ಭಾಗೀರಥಿಬಾಯಿ ನೆಲ ಸಾರಿಸಲು ಸಗಣಿ ತರಿಸಿದರು. ಅದು ಬದಲಾಗಲಿಲ್ಲ. ಬದಲಾಗುತ್ತದೆಂದು ನಾನು ಹೋಗಿರಲೂ ಇಲ್ಲ. ಕೈ ತೊಳೆದು ಹೊರಡುವಾಗ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ತಲೆ ಎತ್ತದೆ ಕೇಳಿದರು: “ನಿಮ್ಮ ಅಕ್ಕನ ಹೆಸರೇನಂದಿ?”

“ಅವತ್ತ ಹೆಸರು ಹೇಳಿದ್ದಿಲ್ಲರೀ. ಮೂಕಮ್ಮ.”

“ಮೂಕಮ್ಮ” ಎಂದು ತಮ್ಮಷ್ಟಕ್ಕೇ ಒಮ್ಮೆ ಅಂದರು.

ಹಿತ್ತಲ ಬಾಗಿಲೂ ತೆರೆದಿತ್ತು. ನಾನು ಬಂದ ಬಾಗಿಲಿನಿಂದಲೇ ಹೊರಟೆ.

ಇನ್ನು ಬಸುರಿಯರ ಮನೆಗಳಿಗೆ ಹೋಗುವಾಗಲೆಲ್ಲ ಮೊದಲ ದಿನವೇ ನನ್ನ ಹೆಸರು, ಊರು, ಕೇರಿ ಹೇಳುತ್ತೇನೆ. ಬೇಡವೆಂದವರ ಬೀದಿಯಲ್ಲಿ ನಡೆಯುತ್ತೇನೆ. ಹೀಗೆ ನಡೆದರೆ ಶೀಸೆ ಬೇಗ ತೀರುತ್ತದೆ, ಈಗಾಗಲೇ ತಳ ಕಂಡಿದೆ. ದುರುಗಪ್ಪನ ಕೈಯಲ್ಲಿ ಇನ್ನೊಂದು ಕಳಿಸು. ಮೇಲೊಂದು ಚೀಟಿ ಅಂಟಿಸಿ, ಮಾಸ್ತರರು ತಿದ್ದಿಸಿದ ಆ ದುಂಡು ಅಕ್ಷರದಲ್ಲಿ ನಿನ್ನ ಹೆಸರು ಬರೆದು ಕಳಿಸು.

ನಿನ್ನ ತಂಗಿ,
ಕನಕಮ್ಮ